ಚಿಕ್ಕದೊಂದು ಸ್ಕ್ರಿಪ್ಟ್ ಬರೆದುಬಿಡ್ತೀನಿ

ಮನೆಯಲ್ಲೊಬ್ಬ ಸಾಫ್ಟ್‌ವೇರ್ ಡೆವಲಪರ್ ಇದ್ದರೆ ಎರಡು ನಿಮಿಷದ ಕೆಲಸ ಯಾವುದೂ ಎರಡು ನಿಮಿಷದಲ್ಲಿ ಮುಗಿಯುವುದಿಲ್ಲ. ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ಬಾಗಿಲಿಗೆ ಬೇಕಾದರೂ ಕಿವಿಗೊಡಿ. ‘ರೀ, ಈ ತಿಂಗಳ ಹಾಲಿನ ಲೆಕ್ಕ ಸ್ವಲ್ಪ ನೋಡ್ತೀರಾ?’ ಎಂದು ಹೆಂಡತಿ ಕೇಳುತ್ತಾಳೆ. ಕೂಡಿಸಿ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಈತ ಲ್ಯಾಪ್‌ಟಾಪ್ ತೆರೆದು, ‘ಇರು, ಚಿಕ್ಕದೊಂದು ಸ್ಕ್ರಿಪ್ಟ್ ಬರೆದುಬಿಡ್ತೀನಿ. ಆಮೇಲೆ ಜನ್ಮದಲ್ಲಿ ಲೆಕ್ಕ ಹಾಕೋ ಹಾಗಿಲ್ಲ’ ಎನ್ನುತ್ತಾನೆ.

ಶುಕ್ರವಾರ ರಾತ್ರಿಯೊಳಗೆ ಪೈಥಾನ್‌ನಲ್ಲಿ ಇಪ್ಪತ್ತು ಸಾಲು ಬರೆದಾಯಿತು, ಲೆಕ್ಕವೂ ಸರಿಬಂತು. ಸರಿಬಂದದ್ದೇ ತಪ್ಪಾಯಿತು. ಶನಿವಾರ ಬೆಳಿಗ್ಗೆ ಅದಕ್ಕೊಂದು ಡೇಟಾಬೇಸ್ ಇದ್ದರೆ ಚೆನ್ನ ಅನ್ನಿಸಿತು. ಮಧ್ಯಾಹ್ನದ ಹೊತ್ತಿಗೆ ಮೊಬೈಲಿನಲ್ಲೂ ಕಾಣುವಂತಿರಲಿ ಅನ್ನಿಸಿತು. ಸಂಜೆ ಕಾಫಿ ಕುಡಿಯುವಾಗ, ಇಡೀ ಪ್ರೋಗ್ರಾಮನ್ನು ರಸ್ಟ್ ಭಾಷೆಯಲ್ಲಿ ಬರೆದರೆ ಎಷ್ಟು ವೇಗವಾಗಿ ಓಡೀತು ಎಂಬ ಜ್ಞಾನೋದಯ. ದಿನಕ್ಕೆ ಎರಡು ಪ್ಯಾಕೆಟ್ ನಂದಿನಿ ಹಾಲಿನ ಲೆಕ್ಕಕ್ಕೆ ವೇಗ ಯಾಕೆ ಬೇಕು ಎಂದು ಅವನನ್ನು ಕೇಳಬಾರದು. ಅಷ್ಟರಲ್ಲಿ ಆಕೆ ಗೋಡೆಯ ಕ್ಯಾಲೆಂಡರಿನಲ್ಲಿ ಗೀಚಿಟ್ಟಿದ್ದ ಗುರುತುಗಳನ್ನು ಎಣಿಸಿ, ಹಾಲಿನವನಿಗೆ ದುಡ್ಡು ಕೊಟ್ಟು ಕಳಿಸಿರುತ್ತಾಳೆ.

ಇದನ್ನು ಸೋಮಾರಿತನ ಎನ್ನುವವರಿದ್ದಾರೆ. ಅವನೇನೂ ಬೇಸರಪಟ್ಟುಕೊಳ್ಳುವುದಿಲ್ಲ. ಪರ್ಲ್ ಭಾಷೆಯನ್ನು ಸೃಷ್ಟಿಸಿದ ಲ್ಯಾರಿ ವಾಲ್ ಪ್ರೋಗ್ರಾಮರನ ಮೂರು ಸದ್ಗುಣಗಳನ್ನು ಪಟ್ಟಿ ಮಾಡಿದಾಗ ಮೊದಲ ಸ್ಥಾನ ಕೊಟ್ಟದ್ದೇ ಸೋಮಾರಿತನಕ್ಕೆ. ಉಳಿದೆರಡು, ಅಸಹನೆ ಮತ್ತು ಅಹಂಕಾರ. ಹೆಣ್ಣು ಕೊಡುವ ಮಾವಂದಿರು ಈ ಪಟ್ಟಿಯನ್ನು ಓದಿರಲಾರರು.

ತಮಾಷೆಯೆಂದರೆ, ಜಗತ್ತು ಇಂದು ಯಾವುದರ ಮೇಲೆ ನಡೆಯುತ್ತಿದೆಯೋ ಅದರಲ್ಲಿ ಬಹಳಷ್ಟು ಹೀಗೆ ಕೆಲಸ ಬಿಟ್ಟು ಅಡ್ಡದಾರಿ ಹಿಡಿದವರ ಕೊಡುಗೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ತಾನು ಬರೆದ ‘ಸ್ಪೇಸ್ ಟ್ರಾವೆಲ್’ ಎಂಬ ಆಟ ಆಡುತ್ತಿದ್ದ. ದೊಡ್ಡ ಕಂಪ್ಯೂಟರಿನಲ್ಲಿ ಒಂದಾಟಕ್ಕೆ ಸುಮಾರು 75 ಡಾಲರ್ ಖರ್ಚು ಬೀಳುತ್ತಿತ್ತು. ಹಾಗಾಗಿ ಮೂಲೆಯಲ್ಲಿ ಹೆಚ್ಚು ಬಳಕೆಯಿಲ್ಲದೆ ಬಿದ್ದಿದ್ದ ಪಿಡಿಪಿ-7 ಯಂತ್ರಕ್ಕೆ ಆಟವನ್ನು ಸಾಗಿಸಿದ. ಆ ಯಂತ್ರ ಕೈಗೆ ಹತ್ತಿದ ಮೇಲೆ ಸುಮ್ಮನಿರುವುದುಂಟೇ? ಹೆಂಡತಿ ಎಳೆಮಗುವನ್ನು ಎತ್ತಿಕೊಂಡು ಮೂರು ವಾರ ಕ್ಯಾಲಿಫೋರ್ನಿಯಾದ ಅತ್ತೆಮನೆಗೆ ಹೋದಳು. ಆಕೆ ಮರಳುವುದರೊಳಗೆ, ವಾರಕ್ಕೊಂದರಂತೆ ಎಡಿಟರ್, ಅಸೆಂಬ್ಲರ್, ಕರ್ನಲ್ ಮೂರೂ ತಯಾರು. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹುಟ್ಟಿದ್ದು ಹೀಗೆ. ಇದರ ಪುಣ್ಯದಲ್ಲಿ ಅರ್ಧ ಪಾಲು ಆ ಅತ್ತೆ ಮಾವನಿಗೆ ಸಲ್ಲಬೇಕು.

ಲಿನಕ್ಸ್ ಸೃಷ್ಟಿಸಿದ ಲಿನಸ್ ಟೋರ್ವಾಲ್ಡ್ಸ್‌ನದೂ ಇದೇ ಕಥೆ. ಲಿನಕ್ಸ್ ಕೋಡನ್ನು ನೋಡಿಕೊಳ್ಳಲು ಬಳಸುತ್ತಿದ್ದ ಬಿಟ್‌ಕೀಪರ್ 2005ರಲ್ಲಿ ಉಚಿತವಾಗಿ ಸಿಗದಂತಾಯಿತು. ಬೇರೆಯವರಾಗಿದ್ದರೆ ಮತ್ತೊಂದನ್ನು ಹುಡುಕುತ್ತಿದ್ದರು. ಈತ ಲಿನಕ್ಸ್ ಕೆಲಸ ಪಕ್ಕಕ್ಕಿಟ್ಟು, ಏಪ್ರಿಲ್ 3ರಂದು ತನ್ನದೇ ಒಂದನ್ನು ಬರೆಯಲು ಕೂತ. 7ನೇ ತಾರೀಖಿಗೆ ಆ ‘ಗಿಟ್’ ತನ್ನ ಕೋಡನ್ನು ತಾನೇ ಕಾಪಿಟ್ಟುಕೊಳ್ಳತೊಡಗಿತ್ತು. ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಈಗ ಗಿಟ್ ಇಲ್ಲದೆ ದಿನ ಬೆಳಗಾಗುವುದಿಲ್ಲ.

ಕನ್ನಡಕ್ಕೂ ಇಂಥವರ ಋಣವಿದೆ. ಇಂಗ್ಲಿಷಿನ ಕೀಲಿಮಣೆಯಲ್ಲಿ ನಮ್ಮ ಇಡೀ ವರ್ಣಮಾಲೆಯನ್ನು ಕೂರಿಸಿದವರು ಕೆ.ಪಿ. ರಾವ್. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರಕ್ಕೆ ನಡುವೆ ಒಂದು ‘ಎಫ್’. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡುವವರ ಬೆರಳಿಗೆ ಅಭ್ಯಾಸವಾಗಿರುವುದು ಇದೇ ವಿನ್ಯಾಸ. 1998ರಲ್ಲಿ ಶೇಷಾದ್ರಿವಾಸು ‘ಬರಹ’ ಹೊರತಂದಾಗ ಎಷ್ಟೋ ಜನ ಕಂಪ್ಯೂಟರಿನಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ತಮ್ಮ ಹೆಸರು ಬರೆದು ನೋಡಿಕೊಂಡರು.

ನಮ್ಮ ಹಾಲಿನ ಲೆಕ್ಕದವನಿಗೂ ಕನ್ನಡದಿಂದಲೇ ಒಂದು ರಾತ್ರಿ ಹಬ್ಬವಾಯಿತು. ‘ಸ್ತ್ರೀ’ ಎಂಬುದರಲ್ಲಿ ಎಷ್ಟು ಅಕ್ಷರ ಎಂದು ಪೈಥಾನ್‌ನಲ್ಲಿ ಕೇಳಿದ. ಆರು ಎಂದಿತು. ಬಿಡಿಸಿ ನೋಡಿದರೆ ನಿಜವೇ: ಸ, ಒಂದು ಹಲಂತ, ತ, ಇನ್ನೊಂದು ಹಲಂತ, ರ, ಕೊನೆಗೆ ದೀರ್ಘದ ಗುರುತು. ಯೂನಿಕೋಡ್ ಎಣಿಸುವುದು ಹಾಗೆಯೇ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವುದನ್ನು ಒಂದೇ ಎಂದು ಎಣಿಸುವಂತೆ ಮಾಡಲು ಕೂತವನು ಮೇಲೆದ್ದಾಗ ಅನ್ನ ಸಾರು ಎರಡೂ ತಣ್ಣಗಾಗಿದ್ದವು. ಸಂಬಳಕ್ಕಾಗಿ ಯಾರೂ ಈ ಕೆಲಸ ಮಾಡುವುದಿಲ್ಲ. ಕುಸುರಿಯ ರುಚಿ ಹತ್ತಿದವನು ಮಾತ್ರ ಮಾಡುತ್ತಾನೆ.

ಈಗ ಕೋಡನ್ನೂ ಎಐ ಬರೆದುಕೊಡುತ್ತದೆ. ಬೇಕಾದ್ದನ್ನು ಮಾತಿನಲ್ಲಿ ಹೇಳಿ, ಬಂದ ಕೋಡಿನ ಗೊಡವೆಗೆ ಹೋಗದೆ ಮುಂದುವರಿಯುವ ಕ್ರಮಕ್ಕೆ ಎಐ ಸಂಶೋಧಕ ಆಂಡ್ರೆ ಕರ್ಪಾತಿ 2025ರಲ್ಲಿ ‘ವೈಬ್ ಕೋಡಿಂಗ್’ ಎಂದು ಹೆಸರಿಟ್ಟದ್ದೂ ಆಯಿತು. ಇನ್ನಾದರೂ ಇವನಿಗೆ ಬಿಡುವಾದೀತು ಎಂದುಕೊಂಡ ಮನೆಯವರಿಗೆ ನಿರಾಸೆ. ಉಳಿದ ಸಮಯವನ್ನೆಲ್ಲ ಯಾವ ಎಐ ಒಳ್ಳೆಯದು ಎಂದು ಒಂದರ ಪಕ್ಕ ಒಂದಿಟ್ಟು ನೋಡುವುದರಲ್ಲಿ ಕಳೆಯುತ್ತಾನೆ. ಅದಕ್ಕೂ ಒಂದು ಸ್ಕ್ರಿಪ್ಟ್ ಇದೆ.

ಆದರೂ ಇವನನ್ನು ಬೈಯುವ ಮುನ್ನ ಸ್ಟ್ಯಾನ್‌ಫರ್ಡ್‌ನ ಡೊನಾಲ್ಡ್ ಕನೂತ್ ಅವರನ್ನು ನೆನೆಯಬೇಕು. ಏಳು ಸಂಪುಟಗಳ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಬರೆಯಲು ಹೊರಟು, 1973ರ ಹೊತ್ತಿಗೆ ಮೂರನ್ನು ಮುಗಿಸಿದ್ದರು. 1977ರಲ್ಲಿ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಬಂತು. ಹೊಸ ತಂತ್ರದಲ್ಲಿ ಕೂಡಿಸಿದ ಆ ಅಕ್ಷರಗಳ ಅಂದಗೇಡು ನೋಡಿ ಮನಸ್ಸು ಕೆಟ್ಟಿತು. ಪುಸ್ತಕವನ್ನು ಬದಿಗಿಟ್ಟು, ಅಕ್ಷರ ಕೂಡಿಸುವ ಪ್ರೋಗ್ರಾಮ್ ಬರೆಯಲು ಹೊರಟರು. ವರ್ಷದೊಳಗೆ ಮುಗಿದೀತು ಎಂಬ ಅಂದಾಜು ಹತ್ತು ವರ್ಷ ದಾಟಿತು. ಆ ‘ಟೆಕ್’ ಇವತ್ತಿಗೂ ಗಣಿತದ ಪ್ರಬಂಧಗಳ ಅಚ್ಚಿನಮನೆ. ಅದರ ಆವೃತ್ತಿಯ ಸಂಖ್ಯೆ 3.14, 3.141 ಎಂದು ‘ಪೈ’ ಬೆಲೆಯತ್ತ ಒಂದೊಂದೇ ಅಂಕಿ ಬೆಳೆಯುತ್ತಿದೆ. ಪುಸ್ತಕದಲ್ಲಿ ತಪ್ಪು ಹುಡುಕಿದವರಿಗೆ 2 ಡಾಲರ್ 56 ಸೆಂಟಿನ ಚೆಕ್ ಕಳಿಸುತ್ತಿದ್ದರು. ಪಡೆದವರಲ್ಲಿ ಅನೇಕರು ಅದನ್ನು ನಗದು ಮಾಡಿಸಲಿಲ್ಲ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ನಾಲ್ಕನೆಯ ಸಂಪುಟದ ಮೊದಲ ಭಾಗ 2011ರಲ್ಲಿ ಬಂತು, ಎರಡನೆಯ ಭಾಗ 2022ರಲ್ಲಿ. 1938ರಲ್ಲಿ ಹುಟ್ಟಿದ ಕನೂತ್ ಈಗಲೂ ಬರೆಯುತ್ತಿದ್ದಾರೆ. ಐದು, ಆರು, ಏಳನೆಯ ಸಂಪುಟಗಳು ಇನ್ನೂ ಬರಬೇಕಿದೆ.