ಹಾಲು–ಖಂಡದೊಳಗಿನ ಕ್ರಿಮಿ ಹಿಡಿಯುವ ಕೈಪಿಡಿ
(ಗಡಿ ತಾಲೂಕುಗಳ ಆವೃತ್ತಿ)

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಸಮಸ್ತ ಎಮ್ಮೆ ಸಾಕುವವರಿಗೂ ರವಿವಾರ ತಪ್ಪದೆ ಖಂಡ ತರುವವರಿಗೂ ಈ ಕೈಪಿಡಿ ಅನ್ವಯಿಸುತ್ತದೆ. ಮೊದಲು ಸಾಮಾನು ಎಣಿಸಿಕೊಳ್ಳಿ: ಮೂಗು ಒಂದು, ನಾಲಿಗೆ ಒಂದು, ತೋರುಬೆರಳು ಒಂದು, "ಏನೂ ಆಗೂದಿಲ್ಲ, ತಗೋರಿ" ಅನ್ನುವ ಮಾವ ಒಬ್ಬರು. ಮಾವ ಊರಲ್ಲಿಲ್ಲದಿದ್ದರೆ ಕಾಕಾ ನಡೆಯುತ್ತದೆ.

ಹಂತ 1. ನಸುಕಿನಲ್ಲಿ ಹಿಂಡಿದ ಹಾಲಿಗೆ ಬೆರಳು ಅದ್ದಿ ಎತ್ತಿರಿ. ಹನಿ ಉಗುರಿನ ಮೇಲೆ ನಿಂತರೆ ಗಟ್ಟಿ ಹಾಲು, ಹರಿದರೆ ನೀರು ಬಿದ್ದಿದೆ. ಕ್ರಿಮಿ ಇದೆಯೇ ಎಂದಿರಾ? ಈವರೆಗೆ ಬೆರಳಿನಲ್ಲಿತ್ತು, ಈಗ ಚರಿಗೆಯಲ್ಲೂ ಇದೆ. ಪರೀಕ್ಷೆ ಯಶಸ್ವಿ.

ಹಂತ 2. ಡೇರಿಗೆ ಒಯ್ಯಿರಿ. ಲ್ಯಾಕ್ಟೋಮೀಟರ್ ನೀರನ್ನು ಹಿಡಿಯುತ್ತದೆ, ಮಶೀನು ಫ್ಯಾಟ್ ಹೇಳುತ್ತದೆ. ಪಾಯಿಂಟ್ ಒಂದು ಕಡಿಮೆ ಬಂದರೆ ಜಗಳ ತೆಗೆಯುವುದು ನಿಮ್ಮ ಹಕ್ಕು. ಚೀಟಿಯಲ್ಲಿ ಕ್ರಿಮಿಯ ಕಾಲಂ ಹುಡುಕಬೇಡಿ. ಫ್ಯಾಟಿಗೆ ರೇಟಿದೆ, ಕ್ರಿಮಿಗಿಲ್ಲ. ನನ್ನ ಪ್ರಕಾರ ನಮ್ಮ ಹಾಲಿನ ಇಡೀ ಕತೆ ಇಷ್ಟೇ.

ಲ್ಯಾಬ್ ಇರುವ ದೊಡ್ಡ ಡೇರಿಗಳಲ್ಲಿ ಮಾತ್ರ ಒಂದು ನೀಲಿ ಆಟವಿದೆ. 10 ಮಿ.ಲೀ. ಹಾಲಿಗೆ 1 ಮಿ.ಲೀ. ಮಿಥಿಲೀನ್ ಬ್ಲೂ ಹಾಕಿ, ಬಾಯಿ ಮುಚ್ಚಿ, 37 ಡಿಗ್ರಿ ಬಿಸಿನೀರಿನಲ್ಲಿ ನಿಲ್ಲಿಸುತ್ತಾರೆ. ಹಾಲಿನಲ್ಲಿರುವ ಜೀವಿಗಳು ಆಮ್ಲಜನಕ ತಿಂದು ಮುಗಿಸಿದಂತೆ ನೀಲಿ ಮಾಯವಾಗುತ್ತದೆ. ಐದು ತಾಸು ಬಣ್ಣ ನಿಂತರೆ ಹಾಲು ಉತ್ತಮ. ಅರ್ಧ ತಾಸಿನೊಳಗೇ ಬೆಳ್ಳಗಾದರೆ ಒಳಗೆ ಜಾತ್ರೆ ನೆರೆದಿದೆ. ಆದರೆ ಈ ಪರೀಕ್ಷೆ ಜಾತ್ರೆಗೆ ಎಷ್ಟು ಜನ ಬಂದರೆಂದು ಹೇಳುತ್ತದೆ, ಕಿಸೆಗಳ್ಳ ಯಾರೆಂದು ಹೇಳುವುದಿಲ್ಲ.

ಆ ಕಿಸೆಗಳ್ಳನ ಹೆಸರು ಬ್ರುಸೆಲ್ಲಾ. ಗಬ್ಬದ ದನ ದಿನ ತುಂಬುವ ಮುಂಚೆ ಕಂದು ಹಾಕಲು ಇದೊಂದು ಮುಖ್ಯ ಕಾರಣ. ಹಸಿಹಾಲಿನಿಂದಲೂ, ಬರಿಗೈಯಲ್ಲಿ ಮಾಸು ಎಳೆಯುವುದರಿಂದಲೂ ಮನುಷ್ಯರಿಗೆ ದಾಟುತ್ತದೆ. ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಸೊಂಟ–ಮೊಣಕಾಲು ನೋವು. ಟೈಫಾಯ್ಡ್ ಎಂದುಕೊಂಡು ತಿಂಗಳು ಕಳೆಯುವವರುಂಟು. ದೂರದ ಮಾತಲ್ಲ. ಅಥಣಿಯ ಪಕ್ಕದ ವಿಜಯಪುರದಲ್ಲಿ ಡಾ. ಬಿ.ಜಿ. ಮಂಟೂರ ಮತ್ತು ಸಂಗಡಿಗರು 16 ವರ್ಷಗಳಲ್ಲಿ ಕಂಡ 495 ವಯಸ್ಕ ರೋಗಿಗಳ ಲೆಕ್ಕವನ್ನು 2006ರಲ್ಲಿ ಪ್ರಕಟಿಸಿದರು. ಅದಕ್ಕೂ ಮುಂಚೆ 93 ಮಕ್ಕಳದ್ದು. ಗುಳಿಗೆ ಆರು ವಾರ, ಅದೂ ಎರಡು ಬಗೆಯವು.

ಇದನ್ನು ಹಿಡಿಯುವ ಸೊಗಸಾದ ಪರೀಕ್ಷೆಯೂ ಇದೆ. ಬಣ್ಣ ಹಚ್ಚಿದ ಸತ್ತ ಬ್ರುಸೆಲ್ಲಾವನ್ನು ಆಕಳ ಹಾಲಿಗೆ ಬೆರೆಸಿಟ್ಟರೆ, ಸೋಂಕಿದ್ದಲ್ಲಿ ಮೇಲೆ ತೇಲುವ ಕೆನೆಯಲ್ಲೇ ನೀಲಿ ಉಂಗುರ ಕಟ್ಟುತ್ತದೆ. ಉಂಗುರ ಕಂಡರೆ ಸಂಭ್ರಮಿಸಬೇಡಿ, ಆಕಳ ರಕ್ತಪರೀಕ್ಷೆ ಮಾಡಿಸಿ.

ಗರಡಿಮನೆ ಪೈಲ್ವಾನರಿಗೆ ವಿಶೇಷ ಸೂಚನೆ. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದರೆ ಕೊಲ್ಹಾಪುರ ಬಹಳ ದೂರವಿಲ್ಲ. ಅಲ್ಲಿ ಗಂಗಾವೇಶದ ಹಾಲಿನ ಕಟ್ಟೆಯಲ್ಲಿ ಕಣ್ಣೆದುರೇ ಎಮ್ಮೆ ಹಿಂಡಿ ನೊರೆಹಾಲು ಕೊಡುತ್ತಾರೆ. ರುಚಿಯ ಬಗ್ಗೆ ನನ್ನದೇನೂ ತಕರಾರಿಲ್ಲ. "ನಮ್ಮಜ್ಜ ಹಿಂಗ ಕುಡದ ತೊಂಬತ್ತು ವರ್ಷ ಬದುಕ್ಯಾನ" ಎಂದು ಮಾವ ಹೇಳಿದಾಗ, ಕುಡಿದು ಬದುಕದ ಅಜ್ಜಂದಿರು ಸಾಕ್ಷಿ ಹೇಳಲು ಬರುವುದಿಲ್ಲವೆಂಬುದನ್ನು ಮೆಲ್ಲಗೆ ನೆನಪಿಸಿ.

ಇನ್ನು ಖಂಡ. ಮೂಸಿ ನೋಡಿ. ವಾಸನೆ ಬಂದರೆ ಬೇಡ, ಸರಿ. ಬರದಿದ್ದರೆ? ನಾತ ಎಬ್ಬಿಸುವವು ಬೇರೆ ಕ್ರಿಮಿಗಳು, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬೇರೆ. ಅದು ಮೂಗಿಗೆ ಸಿಗುವ ಪೈಕಿಯಲ್ಲ. ಲ್ಯಾಬಿಗೆ 25 ಗ್ರಾಂ ಕಳಿಸಿದರೆ ಮೊದಲು ಒಂದಿಡೀ ರಾತ್ರಿ ಸಾರಿನಲ್ಲಿ ಬೆಳೆಸಿ, ಮತ್ತೊಂದು ಸಾರಿಗೆ ದಾಟಿಸಿ, ತಟ್ಟೆಗೆ ಬಳಿದು, ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ನಾಲ್ಕೈದು ದಿನ. ರವಿವಾರದ ಖಂಡದ ರಿಪೋರ್ಟು ಶುಕ್ರವಾರ ಬರುತ್ತದೆ. ತಾಂಬಡಾ ರಸ್ಸಾದ ಪಾತೇಲಿ ರವಿವಾರವೇ ಬೆಳಗಿ ಬೋರಲು ಹಾಕಿಯಾಗಿರುತ್ತದೆ.

ಹೆದರಬೇಡಿ. ಕೊತಕೊತ ಕುದಿಯುವ ರಸ್ಸಾದಲ್ಲಿ ಸಾಲ್ಮೊನೆಲ್ಲಾ ಬದುಕುವುದಿಲ್ಲ. ಅದು ಬದುಕುವುದು ಈಳಿಗೆಯ ಮೇಲೆ. ಖಂಡ ಕೊಯ್ದ ಈಳಿಗೆಯಲ್ಲೇ ಉಳ್ಳಾಗಡ್ಡಿ, ಲಿಂಬೆ ಹೆಚ್ಚಿ ತಾಟಿನ ಬದಿಗೆ ಹಸಿಯಾಗಿ ಬಡಿಸುತ್ತೇವಲ್ಲ, ಅಲ್ಲಿ. ಬಿಸಿನೀರು, ಸಾಬೂನು ಸಾಕು; ಅಥವಾ ಉಳ್ಳಾಗಡ್ಡಿಯನ್ನು ಮೊದಲೇ ಹೆಚ್ಚಿಟ್ಟುಕೊಳ್ಳಿ.

ಹಾಲಿನದೂ ಹಾಗೆಯೇ. 72 ಡಿಗ್ರಿಯಲ್ಲಿ 15 ಸೆಕೆಂಡಿಗೇ ಬ್ರುಸೆಲ್ಲಾ ಸಾಯುತ್ತದೆ. ಉಕ್ಕಿ ಒಲೆಯ ಮೇಲೆ ಚೆಲ್ಲುವ ಹಾಲು ಅದನ್ನೂ ದಾಟಿರುತ್ತದೆ. ಕೊಟ್ಟಿಗೆಯಲ್ಲಿ 4ರಿಂದ 8 ತಿಂಗಳ ಹೆಣ್ಗರು ಇದ್ದರೆ ಪಶು ಆಸ್ಪತ್ರೆಗೆ ತಿಳಿಸಿ, ಬ್ರುಸೆಲ್ಲಾ ಲಸಿಕೆ ಹಾಕಿಸಿ. ಜನ್ಮಕ್ಕೆ ಒಂದೇ ಸಲ, ಎಂಟು ತಿಂಗಳು ದಾಟಿದರೆ ಹಾಕುವುದಿಲ್ಲ.