ಇರ್ಲಿ ಬಿಡು, ಅದೂ ಒಂದು!

ಮಡಿಕೇರಿಗೆ ಹೊರಟಿದ್ದೀರಂತೆ? ಅದೂ ಜುಲೈನಲ್ಲಿ? ಸುಮ್ನೆ ಕೇಳಿದೆ. ನಿಮ್ಮ ಮಂಚದ ಮೇಲೆ ಬಾಯಿ ಕಳ್ಕೊಂಡು ಬಿದ್ದಿರೋ ಆ ಟ್ರಾಲಿ ಬ್ಯಾಗು ನೋಡಿದರೆ ಎರಡು ರಾತ್ರಿಗೆ ಹೊರಟ ಹಾಗೆ ಕಾಣ್ತಿಲ್ಲ, ಮಗಳನ್ನ ಗಂಡನ ಮನೆಗೆ ಕಳಿಸೋ ಹಾಗಿದೆ. ತಡೀರಿ, ಜಿಪ್ ಹಾಕ್ಬೇಡಿ. ಒಳಗೇನಿದೆ ನೋಡೋಣ. (ನಾಚ್ಕೋಬೇಡಿ, ನನ್ನ ಬ್ಯಾಗೂ ಹಿಂಗೇ ಇತ್ತು. ಆ ಕಥೆ ಆಮೇಲೆ.)

ಜೀನ್ಸ್ ಒಂದು, ಎರಡು... ಮೂರಾ? ಒಂದು ನೆನೆದ್ರೆ ಇನ್ನೊಂದು ಅಂತೀರಿ. ಲೆಕ್ಕ ಚೆನ್ನಾಗಿದೆ. ಆದರೆ ಮೊದಲನೇದು ಬಸ್ ಸ್ಟ್ಯಾಂಡಲ್ಲೇ ನೆನೆಯುತ್ತೆ, ಎರಡನೇದು ರಾಜಾಸೀಟಲ್ಲಿ, ಮೂರನೇದು ಅಬ್ಬಿ ಫಾಲ್ಸ್ ಮೆಟ್ಟಿಲ ಮೇಲೆ. ಆಮೇಲೆ? ರೂಮಲ್ಲಿ ಟವೆಲ್ ಸುತ್ಕೊಂಡು ಕಿಟಕಿಯಿಂದ ಮಂಜು ನೋಡ್ತಾ ಕೂರೋದು. ಮಂಜು ಬಿಟ್ಟು ಬೇರೇನೂ ಕಾಣಲ್ಲ, ಅದು ಬೇರೆ ಮಾತು.

ತಪ್ಪು ನಿಮ್ಮದಲ್ಲ ಬಿಡಿ, ಬೆಂಗಳೂರಿನ ಮಳೆದು. ಆಫೀಸು ಬಿಡೋ ಹೊತ್ತಿಗೆ ಸರಿಯಾಗಿ ಬರುತ್ತೆ, ಗುಡುಗುತ್ತೆ, ಅಂಡರ್‌ಪಾಸ್ ತುಂಬಿಸುತ್ತೆ, ಊಟದ ಹೊತ್ತಿಗೆ ಮನೆಗೆ ಹೋಗುತ್ತೆ. ಮಾರನೇ ದಿನ ಟೆರೇಸ್ ಮೇಲೆ ಬಟ್ಟೆ ಹಪ್ಪಳ. ವರ್ಷಪೂರ್ತಿ ಸುರಿದರೂ ಸರಾಸರಿ ಸಾವಿರ ಮಿಲಿಮೀಟರಿಗೆ ಸ್ವಲ್ಪ ಕಮ್ಮಿಯೇ.

ಮಡಿಕೇರಿಯದು 3,000 ಮಿ.ಮೀ. ದಾಟುತ್ತೆ. ಅದರಲ್ಲಿ ಮುಕ್ಕಾಲು ಪಾಲು ಜೂನಿಂದ ಸೆಪ್ಟೆಂಬರ್ ಒಳಗೇ. ಆ ಮಳೆ ಬಂದು ಹೋಗೋ ನೆಂಟ ಅಲ್ಲ, ಬಂದು ಬಿಡಾರ ಹೂಡೋ ನೆಂಟ. ಕೊಡಗಿನ ಅರಸ ಮುದ್ದುರಾಜ 1681ರಲ್ಲಿ ರಾಜಧಾನಿ ಮಾಡ್ಕೊಂಡ ಊರು, ಮುದ್ದುರಾಜಕೇರಿ ಹೋಗಿ ಮಡಿಕೇರಿ ಆಯ್ತು ಅಂತಾರೆ. ನನಗೇನೋ ಮಡಿ ಬಟ್ಟೆ ಒಣಗದ ಕೇರಿ ಅಂತಲೇ ಅನುಮಾನ.

ಸರಿ, ಜೀನ್ಸ್ ಕೆಳಗೆ ಏನಿದೆ? ಬಿಳೀ ಶೂ. ನಿಜ ಹೇಳಿ, ಇದ್ಯಾಕೆ? ಫೋಟೋಗೆ ತಾನೆ? ಕೂಲಿಂಗ್ ಗ್ಲಾಸು? ಸೂರ್ಯನ ಮುಖ ಅಲ್ಲಿಯವರೇ ಎಷ್ಟೋ ದಿನದಿಂದ ನೋಡಿಲ್ಲ ಕಣ್ರೀ. ಐರನ್ ಮಾಡಿದ ಕಾಟನ್ ಕುರ್ತಾ, ಒಂದು ದಪ್ಪ ಕಾದಂಬರಿ (ಕಳೆದ ಮೂರು ಟ್ರಿಪ್ಪಿಗೂ ಇದೇ ಬಂದಿತ್ತು, ಬುಕ್‌ಮಾರ್ಕ್ 14ನೇ ಪುಟ ಬಿಟ್ಟು ಕದಲಿಲ್ಲ), ಹೇರ್ ಸ್ಟ್ರೇಟ್ನರ್. ಆ ತೇವದ ಗಾಳಿಯಲ್ಲಿ ಕೂದಲು ನೆಟ್ಟಗಿರೋದು ಹತ್ತು ನಿಮಿಷ.

ಇದೆಲ್ಲ ಬ್ಯಾಗಿಗೆ ಹೇಗೆ ಬಂತು ಗೊತ್ತಾ? ಒಂದೇ ಒಂದು ಮಾತಿಂದ. "ಇರ್ಲಿ ಬಿಡು, ಅದೂ ಒಂದು." ನೀವು ರಾತ್ರಿ ಹನ್ನೊಂದು ಗಂಟೆಗೆ ಬೀರು ಮುಂದೆ ನಿಂತು ಈ ಮಂತ್ರ ಹೇಳ್ತಾ ಇದ್ದಿರಿ. ಮಳೆಗೆ ಏನು ಬೇಕು ಅಂತ ನೀವು ಯೋಚಿಸಲೇ ಇಲ್ಲ. ಕೈಯಲ್ಲಿ ಕಾಫಿ ಮಗ್ಗು, ಹಿಂದೆ ಮಂಜು, ಕೂದಲು ಬೇಕಾದಷ್ಟೇ ಒದ್ದೆ, ಅಂಥ ಯಾರೋ ಒಬ್ಬರು ನಿಮ್ಮ ತಲೆಯಲ್ಲಿ ನಿಂತಿದ್ದಾರಲ್ಲ, ಅವರಿಗೆ ಬಟ್ಟೆ ತುಂಬಿಸ್ತಿದ್ದೀರಿ. ಅವರು ಮಡಿಕೇರಿಗೆ ಬರಲ್ಲ ಸ್ವಾಮಿ. ಬಸ್ಸು ಹತ್ತೋದು ನೀವೇ.

ನನ್ನ ಕಥೆ ಹೇಳ್ತೀನಿ ಅಂದಿದ್ದೆ. ನಮ್ಮ ಚಿಕ್ಕಮ್ಮ ಇರೋದು ಮಡಿಕೇರಿಯಲ್ಲೇ. ಹೀಗೇ ಮಳೆ ಸುರಿಯೋ ಒಂದು ಆಟಿ ತಿಂಗಳಲ್ಲಿ ನಾನು ಲಿನನ್ ಶರ್ಟು, ಲೆದರ್ ಶೂ ಸಮೇತ ಅವರ ಬಾಗಿಲಲ್ಲಿ ಇಳಿದೆ. ಚಿಕ್ಕಮ್ಮ ಮೇಲಿಂದ ಕೆಳಗೆ ಒಂದು ಸಲ ನೋಡಿದರು. "ಎಂತ ಮಾರಾಯ, ಮದುವೆಗೆ ಬಂದದ್ದಾ?" ಅಂದರು. ಅಷ್ಟೇ. ಒಳಗೆ ಹೋಗಿ ಚಿಕ್ಕಪ್ಪನ ಒಂದು ಲುಂಗಿ, ಒಂದು ಹವಾಯಿ ಚಪ್ಪಲಿ, ಮೊಣಕಾಲ ತನಕ ಬರೋ ರೈನ್‌ಕೋಟು ತಂದು ಕೈಗಿಟ್ಟರು. ಮೂರು ದಿನ ನಾನು ಚಿಕ್ಕಪ್ಪನಾಗೇ ಓಡಾಡಿದೆ.

ಲೆದರ್ ಶೂ ಏನಾಯ್ತು ಅಂತೀರಾ? ಮೂರನೇ ದಿನ ತೆಗೆದು ನೋಡಿದರೆ ಹಸಿರು ಬೂಷ್ಟು. ನೆನೆದಿದ್ದ ಎರಡು ಶರ್ಟು ಬಚ್ಚಲ ಹಂಡೆ ಒಲೆಯ ಮೇಲಿನ ತಂತಿಯಲ್ಲಿ ನೇತಾಡಿ ಹೊಗೆ ಕುಡಿದಿದ್ದವು. (ವಾಪಸ್ ಬಂದ ಮೇಲೆ ಆಫೀಸ್ ಲಿಫ್ಟಲ್ಲಿ ಒಬ್ಬರು ಮೂಗೆತ್ತಿ, "ಎಲ್ಲೋ ಏನೋ ಸುಡ್ತಿದೆ" ಅಂದರು. ನಾನೂ ಗಾಬರಿಯಿಂದ ಸುತ್ತ ನೋಡಿದ ಹಾಗೆ ಮಾಡಿದೆ.) ಹೋಗುವಾಗ ಎಂಟು ಕೆಜಿ ಇದ್ದ ಬ್ಯಾಗು ಬರುವಾಗ ಹನ್ನೊಂದಾಗಿತ್ತು. ಏನೂ ಕೊಂಡಿರಲಿಲ್ಲ. ಆ ಮೂರು ಕೆಜಿ ಮಡಿಕೇರಿ ಮಳೆ.

ಹಾಗಾದ್ರೆ ಏನು ತಗೊಂಡು ಹೋಗ್ಲಿ ಅಂತ ಕೇಳ್ತೀರಿ. ಕೇಳಿದ ಮೇಲೂ ನಿಮ್ಮಿಷ್ಟದ್ದೇ ತುಂಬ್ತೀರಿ, ನನಗೆ ಗೊತ್ತು. ಆದರೂ ಹೇಳ್ತೀನಿ. ಹತ್ತಿ ನೀರು ಕುಡಿದರೆ ಬಿಡಲ್ಲ, ಜೀನ್ಸಂತೂ ಹತ್ತಿಯಲ್ಲೇ ದಪ್ಪದ್ದು. ಗಾಳಿಯೇ ನೀರು ತುಂಬ್ಕೊಂಡು ನಿಂತಿರುವಾಗ ನಿಮ್ಮ ಪ್ಯಾಂಟಿನ ನೀರು ಹೋಗೋದಾದರೂ ಎಲ್ಲಿಗೆ? ಆ ಮೂರು ಜೀನ್ಸ್ ತೆಗೆದು, ಬೆಳಿಗ್ಗೆ ವಾಕಿಂಗಿಗೆ ಅಂತ ಕೊಂಡು ಒಂದು ದಿನವೂ ವಾಕಿಂಗ್ ಕಾಣದ ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟ್ ಇದೆಯಲ್ಲ, ಅದನ್ನ ಹಾಕಿ. ಪಾಪ, ಅದಕ್ಕೂ ಒಂದು ಜನ್ಮ ಸಾರ್ಥಕ ಆಗ್ಲಿ.

ಶೂ ಬೇಡ, ಪಟ್ಟಿ ಇರೋ ಸ್ಯಾಂಡಲ್ ಸಾಕು. ಶೂ ಇಲ್ಲದೆ ಆಗಲ್ಲ ಅಂದರೆ ಹಳೇ ಪೇಪರ್ ನಾಲ್ಕು ತಗೊಳ್ಳಿ. ರಾತ್ರಿ ಮುದ್ದೆ ಮಾಡಿ ಶೂ ಒಳಗೆ ತುರುಕಿದರೆ ಬೆಳಿಗ್ಗೆಗೆ ಅರ್ಧ ನೀರು ಹೀರಿರುತ್ತೆ. ಸಾಕ್ಸ್ ಮಾತ್ರ ಎಷ್ಟು ಜೊತೆ ಬೇಕಾದರೂ ಹಾಕ್ಕೊಳ್ಳಿ, ಅದಕ್ಕೆ "ಇರ್ಲಿ ಬಿಡು" ಅನ್ನೋಕೆ ನನ್ನ ಪೂರ್ತಿ ಪರ್ಮಿಷನ್. ಸ್ವೆಟರ್ ಒಂದು. ಮಂಕಿ ಟೋಪಿ? ಒಳಗೊಳಗೇ ಆಸೆ ಇದೆ, ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ಬಿಟ್ಟಿದ್ದೀರಿ. ಹಾಕ್ಕೊಳ್ಳಿ ಮಾರಾಯ್ರೆ.

ಇನ್ನು ಬ್ಯಾಗಿಗೆ ಅಂತ ಆನ್‌ಲೈನಲ್ಲಿ ರೈನ್ ಕವರ್ ಹುಡುಕ್ತಿದ್ದೀರಾ? ನಿಮ್ಮ ಅಡುಗೆಮನೆ ಬಾಗಿಲ ಹಿಂದೆ ಕವರುಗಳ ಕವರು ಒಂದು ನೇತಾಡ್ತಿದೆ, ಅದನ್ನ ಇಳಿಸಿ. (ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕವರ್ ನಿಷೇಧ ಆಯ್ತು. ನಿಮ್ಮ ಮನೆಯ ಕವರಿಗೆ ಯಾರೂ ತಿಳಿಸಿದ ಹಾಗಿಲ್ಲ.) ಒಣ ಬಟ್ಟೆ ಒಂದರಲ್ಲಿ, ಚಾರ್ಜರ್ ಒಂದರಲ್ಲಿ, ಒದ್ದೆ ಬಟ್ಟೆಗೆ ಎರಡು ಖಾಲಿ. ನೀರು ತಡೆಯಬೇಕಾದ್ದು ಬ್ಯಾಗಿನ ಒಳಗೆ. ಹೊರಗಿನ ಕವರ್ ಎಷ್ಟೇ ದುಬಾರಿ ಆಗಿರ್ಲಿ, ಬೆನ್ನ ಕಡೆಯಿಂದ ನೀರು ಇಳಿದೇ ಇಳಿಯುತ್ತೆ.

ಕಾಡು, ತೋಟ ಅಂತ ಸುತ್ತೋ ಪ್ಲಾನ್ ಇದೆಯಾ? ಒಂದು ಪೊಟ್ಟಣ ಉಪ್ಪು ಇಟ್ಕೊಳ್ಳಿ. ಊಟಕ್ಕಲ್ಲ, ಜಿಗಣೆಗೆ. ಮಲೆನಾಡಿನವರು ಇಂಬಳ ಅಂತಾರೆ. ಕಚ್ಚಿದ್ದು ನಿಮಗೆ ಗೊತ್ತೇ ಆಗಲ್ಲ, ಸಾಕ್ಸ್ ಕೆಂಪಾದಾಗ ಗೊತ್ತಾಗುತ್ತೆ. ಅದರ ಜೊಲ್ಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಹಿರುಡಿನ್ ಥರದ್ದೊಂದು ಇದೆ, ಅದಕ್ಕೇ ಅದು ಬಿದ್ದು ಹೋದ ಮೇಲೂ ರಕ್ತ ಒಸರ್ತಾ ಇರುತ್ತೆ. ಸಾಯಲ್ಲ, ಹೆದರ್ಬೇಡಿ. ನೀವು ಕಿರುಚೋದು ಕೇಳಿ ಗೈಡ್ ಹುಡುಗ ನಗ್ತಾನೆ, ಅದೊಂದೇ ನಷ್ಟ.

ಟ್ರಿಪ್ಪು ಮುಂದಕ್ಕೆ ಹೋಗಿ ಆಗಸ್ಟ್ 3ರ ಆಸುಪಾಸಿಗೆ ಬಿದ್ದರೆ ಇನ್ನೊಂದು ಎಚ್ಚರ. ಅವತ್ತು ಕಕ್ಕಡ ಪದಿನೆಟ್, ಅಂದರೆ ಕಕ್ಕಡ ತಿಂಗಳ ಹದಿನೆಂಟು. ಕೊಡವ ಮನೆಗಳಲ್ಲಿ ಮದ್ದುಸೊಪ್ಪಿನ ಪಾಯಸ. ಹದಿನೆಂಟು ಥರದ ಔಷಧಿ ಅವತ್ತು ಆ ಸೊಪ್ಪಿಗೆ ಇಳಿದಿರುತ್ತೆ ಅಂತ ನಂಬಿಕೆ. ಬಣ್ಣ ಗಾಢ ನೇರಳೆ. ಬಿಳೀ ಶರ್ಟ್ ಹಾಕ್ಕೊಂಡು ಊಟಕ್ಕೆ ಕೂರಬೇಡಿ. ಮತ್ತೆ ಮಾರನೇ ಬೆಳಿಗ್ಗೆ ಬಾತ್‌ರೂಮಲ್ಲಿ ಕೆಂಪು ಬಣ್ಣ ನೋಡಿ ಡಾಕ್ಟರಿಗೆ ಫೋನ್ ಮಾಡ್ಬೇಡಿ, ಅದು ಪಾಯಸದ್ದೇ.

ದಾರಿಯಲ್ಲಿ ನೀವು ಏನು ಮಾಡ್ತೀರಿ ಅಂತಲೂ ಹೇಳ್ಲಾ? ಕುಶಾಲನಗರದ ತನಕ ರಸ್ತೆ ಹೆಚ್ಚುಕಮ್ಮಿ ಒಣಗೇ ಇರುತ್ತೆ. "ಎಲ್ರೀ ನಿಮ್ಮ ಮಳೆ?" ಅಂತ ನನಗೆ ನಗೋ ಎಮೋಜಿ ಕಳಿಸ್ತೀರಿ. ಆನೆಕಾಡು ದಾಟಿ ಸುಂಟಿಕೊಪ್ಪದ ಕಡೆ ಏರೋವಾಗ ವೈಪರ್ ಜೋರಾಗುತ್ತೆ. ಮೆಸೇಜು ನಿಲ್ಲುತ್ತೆ. ಆಮೇಲೆ ಬರೋದು ಒಂದೇ ಪ್ರಶ್ನೆ: "ಅಲ್ಲಿ ಕೊಡೆ ಸಿಗುತ್ತಾ?"

ಕೊಡೆ! ಹೌದು, ನಿಮ್ಮದು ಆ ಮೂರು ಮಡಿಕೆ ಚೋಟುದ್ದದ್ದು ತಾನೆ? ಮಡಿಕೇರಿಯ ಗಾಳಿಗೆ ಅದು ಒಂದೇ ಏಟಿಗೆ ಉಲ್ಟಾ ಹೊಡೆದು ಡಿಶ್ ಆಂಟೆನಾ ಆಗುತ್ತೆ. ಅಲ್ಲಿಯವರ ಕೈಯಲ್ಲಿ ನೋಡಿ, ಅಜ್ಜನ ಕಾಲದ ಥರದ್ದು, ಉದ್ದ ಕೋಲಿಂದು. ಹಿಂದೆ ಗದ್ದೆ ನಾಟಿಗೆ ಬಗ್ಗಿದವರ ಬೆನ್ನ ಮೇಲೆ ಮಳೆ ತಡೆಯೋ ಗೊರಬು ಇರ್ತಿತ್ತು, ಎರಡು ಕೈಯೂ ಕೆಲಸಕ್ಕೆ ಫ್ರೀ. ನಿಮಗೋ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲು. ಜಾರಿದರೆ ಹಿಡ್ಕೊಳ್ಳೋಕೆ ಮೂರನೇದು ಬೇಕು.

ಒಂದು ಮಾತು ಮಾತ್ರ ತಮಾಷೆ ಅಲ್ಲ. 2018ರ ಆಗಸ್ಟಲ್ಲಿ ಅಲ್ಲಿನ ಗುಡ್ಡಗಳು ಕುಸಿದು ಊರೂರೇ ಮನೆ ಕಳ್ಕೊಂಡಿವೆ. ರೆಡ್ ಅಲರ್ಟ್ ಅಂತ ಬಂದರೆ ಬ್ಯಾಗು ತಿರುಗಿ ಅಟ್ಟಕ್ಕೆ ಹಾಕಿ, ಬುಕಿಂಗ್ ದುಡ್ಡು ಹೋದರೆ ಹೋಗ್ಲಿ. ಅಲ್ಲಿಯವರಿಗೆ ಆಗ ನಿಮ್ಮನ್ನ ನೋಡ್ಕೊಳ್ಳೋಕೆ ಪುರುಸೊತ್ತಿರಲ್ಲ.

ಅಲರ್ಟ್ ಇಲ್ವಾ? ಸರಿ, ಜಿಪ್ ಹಾಕಿ. ಕೂಲಿಂಗ್ ಗ್ಲಾಸು ಮತ್ತೆ ಒಳಗೆ ತೂರಿಸಿದ್ದು ನಾನು ನೋಡಿಲ್ಲ ಅನ್ಕೋಬೇಡಿ. ಇರ್ಲಿ ಬಿಡಿ. ಆದರೆ ನನ್ನ ಮಾತು ಕೇಳಿ ಹುಡುಕಿ ತೆಗೆದ ಉದ್ದ ಕೊಡೆ ಬ್ಯಾಗಲ್ಲಿ ಹಿಡಿಯಲ್ಲ ಅಂತ ಬಾಗಿಲ ಹತ್ರ ಒರಗಿಸಿಟ್ಟಿದ್ದಿರಲ್ಲ, ಬೀಗ ಹಾಕೋ ಮುಂಚೆ ಆ ಚಪ್ಪಲಿ ಸ್ಟ್ಯಾಂಡ್ ಪಕ್ಕ ಒಂದ್ಸಲ ನೋಡಿ.