ಸೀಟಿನ ಕುಲಗೋತ್ರ

ನೀಟ್ ರಿಸಲ್ಟ್ ಬಂದ ವಾರ ಶಹಾಬಾದದಲ್ಲಿ ಬೇರೆ ಯಾವ ಕಾಯಿಲೆಗೂ ಜಾಗವಿರುವುದಿಲ್ಲ. ಫರ್ಸಿ ಪಾಲಿಶ್ ಮಾಡುವವರಿಂದ ಹಿಡಿದು ವಾಡಿಯ ಸಿಮೆಂಟ್ ಕಾಲೊನಿಯವರ ತನಕ ಎಲ್ಲರ ಬಾಯಲ್ಲೂ ಒಂದೇ ಮಾತು: "ನಿಮ್ಮ ಹುಡುಗಿಗಿ ಎಷ್ಟ್ ಬಿದ್ದಾವ್ರಿ?" ಆರುನೂರರ ಮೇಲೆ ಅಂದರೆ ಕೇಳಿದವರ ಮುಖ ಸಣ್ಣದಾಗುತ್ತದೆ. ಐನೂರು ಅಂದರೆ ಮಾತ್ರ ಕಾಕಾ ಹತ್ತಿರ ಬಂದು, ಸಾವಿನ ಮನೆಗೆ ಬಂದವರ ದನಿ ತೆಗೆದು, "ಇರ್ಲಿ ಬಿಡವಾ, ಬಿಎಎಂಎಸ್ ಆದ್ರೂ ಸಿಗ್ತದಲ್ಲ" ಎನ್ನುತ್ತಾರೆ. ಕಾಕಾ ತಮ್ಮ ಮಂಡಿನೋವಿಗೆ ಹೋಗುವುದು ಅದೇ ಬಿಎಎಂಎಸ್ ಡಾಕ್ಟರ ಹತ್ತಿರ.

ಎಂಬಿಬಿಎಸ್ ಸೀಟು ಕಷ್ಟ, ಆಯುರ್ವೇದ, ಹೋಮಿಯೋಪತಿ ಸಲೀಸು ಎಂಬುದು ನಮ್ಮ ಕಡೆಯ ಹೊಸ ವರ್ಣಾಶ್ರಮ. ಪರೀಕ್ಷೆ ಒಂದೇ, ಹಾಲ್ ಒಂದೇ, ಓದೂ ಇಬ್ಬರಿಗೂ ನಾಲ್ಕೂವರೆ ವರ್ಷ, ಮೇಲೊಂದು ವರ್ಷ ಇಂಟರ್ನ್‌ಶಿಪ್. ಕಲಬುರಗಿಯಲ್ಲಿ ಒಂದೇ ಎಚ್‌ಕೆಇ ಸೊಸೈಟಿ ಎಂ.ಆರ್. ಮೆಡಿಕಲ್ ಕಾಲೇಜನ್ನೂ ನಡೆಸುತ್ತದೆ, ಹೋಮಿಯೋಪತಿ ಕಾಲೇಜನ್ನೂ ನಡೆಸುತ್ತದೆ. ಕುಲ ತೀರ್ಮಾನವಾಗುವುದು ಅಂಕದ ಮೇಲೆ ಎಂದು ನಂಬಿಕೆ.

ಆ ನಂಬಿಕೆಯನ್ನು ಸ್ವಲ್ಪ ತೂಗೋಣ. 2024ರಲ್ಲಿ ನೀಟ್‌ಗೆ ಅರ್ಜಿ ಹಾಕಿದವರು 24 ಲಕ್ಷ. ಎಂಬಿಬಿಎಸ್ ಸೀಟು ಇಡೀ ದೇಶಕ್ಕೆ ಒಂದು ಲಕ್ಷ ಚಿಲ್ಲರೆ. 'ಅರ್ಹ'ರಾದವರು ಮಾತ್ರ 13 ಲಕ್ಷ! ಜನರಲ್ ಕೆಟಗರಿಯಲ್ಲಿ 720ಕ್ಕೆ 162 ಬಿದ್ದರೆ ಸಾಕಾಗಿತ್ತು, ಅಂದರೆ ನೂರಕ್ಕೆ ಇಪ್ಪತ್ತೆರಡೂವರೆ. ಎಸ್ಸೆಸ್ಸೆಲ್ಸಿಯಲ್ಲಿ ಅಷ್ಟು ತೆಗೆದ ಹುಡುಗನನ್ನು ಅಪ್ಪ ಕಲ್ಲಿನ ಖಣಿಗೆ ಕಳಿಸುತ್ತಾನೆ. ನೀಟ್‌ನಲ್ಲಿ ಅಷ್ಟು ತೆಗೆದವನನ್ನು, ಅಪ್ಪನೇ ಖಣಿಯ ಮಾಲೀಕನಾಗಿದ್ದರೆ, ಮ್ಯಾನೇಜ್‌ಮೆಂಟ್ ಸೀಟಿಗೆ ಕಳಿಸುತ್ತಾನೆ. ಮಳಖೇಡದ ಸಿಮೆಂಟ್ ಕಾರ್ಮಿಕನ ಮಗಳು ಅವನಿಗಿಂತ ಮುನ್ನೂರು ಅಂಕ ಹೆಚ್ಚು ತಂದು, ಕಲ್ಯಾಣ ಕರ್ನಾಟಕದ ಮೀಸಲಾತಿಯ 371 ಜೆ ಸರ್ಟಿಫಿಕೇಟ್ ಹಿಡಿದು, ಕೆಇಎ ಆಪ್ಷನ್ ಎಂಟ್ರಿ ಮಾಡಿ, ಮಾಪ್-ಅಪ್ ರೌಂಡ್ ದಾಟಿ, ಕೊನೆಗೆ ಲಾತೂರಿಗೋ ಬೀದರಿಗೋ ಲಾಂಗ್ ಟರ್ಮ್ ಕೋಚಿಂಗಿಗೆ ಹೊರಡುತ್ತಾಳೆ. ಅವನು 'ಮೇಲಿನ ಡಾಕ್ಟರು'. ಅವಳಿಗೆ ಬಿಎಎಂಎಸ್ 'ಆದ್ರೂ'.

ಇದು ನಮ್ಮ ಊರಿನ ರೋಗ ಮಾತ್ರವೆಂದು ನಾಚಿಕೊಳ್ಳಬೇಕಿಲ್ಲ. ಅಮೆರಿಕದಲ್ಲೂ ಎರಡು ಕುಲ: ಎಂ.ಡಿ.ಗಳು, ಮತ್ತು ಆಸ್ಟಿಯೋಪತಿ ಕಾಲೇಜಿನ ಡಿ.ಒ.ಗಳು. 1892ರಲ್ಲಿ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ಡಾಕ್ಟರು ಮೂಳೆ-ಕೀಲು ಸರಿಪಡಿಸಿದರೆ ರೋಗ ಹೋಗುತ್ತದೆಂದು ಮಿಸೌರಿಯ ಸಣ್ಣ ಊರೊಂದರಲ್ಲಿ ತೆರೆದ ಶಾಲೆಯ ವಂಶ ಅದು. ಈಗ ಇಬ್ಬರೂ ಬರೆಯುವ ಔಷಧಿ ಒಂದೇ, ಮಾಡುವ ಆಪರೇಷನ್ ಒಂದೇ. ಆದರೂ 'ಯಾವ ಕಾಲೇಜಿನಲ್ಲಿ ಸೀಟು ಸಲೀಸು' ಎಂಬ ಅಲ್ಲಿಯ ಕಾಕಾಗಳ ವಿಚಾರಣೆ ನಿಂತಿಲ್ಲ. 1962ರಲ್ಲಿ ಕ್ಯಾಲಿಫೋರ್ನಿಯಾದವರು ಇದಕ್ಕೊಂದು ದಾರಿ ಕಂಡುಕೊಂಡರು: ಚಿಕ್ಕದೊಂದು ಸೆಮಿನಾರಿಗೆ ಬಂದು 65 ಡಾಲರ್ ಕಟ್ಟಿದ ಡಿ.ಒ.ಗೆ ಎಂ.ಡಿ. ಪದವಿ. ಸುಮಾರು ಎರಡು ಸಾವಿರ ಮಂದಿ ಕುಲ ಬದಲಿಸಿಕೊಂಡರು. ನಮ್ಮ ಮ್ಯಾನೇಜ್‌ಮೆಂಟ್ ಕೋಟಾದ ರೇಟು ನೋಡಿದವರಿಗೆ ಇದು ಬಿಟ್ಟಿ ಅನ್ನಿಸೀತು.

ನಮ್ಮಲ್ಲಿ ಅಷ್ಟು ಸಲೀಸಾಗಿ ಬಿಡುತ್ತಾರೆಯೇ? 2017ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಸೂದೆಯಲ್ಲಿ ಆಯುಷ್‌ನವರಿಗೆ ಬ್ರಿಡ್ಜ್ ಕೋರ್ಸ್ ಎಂದದ್ದೇ ತಡ, ಗದ್ದಲವೆದ್ದು ಮರುವರ್ಷ ಅದನ್ನು ಕೈಬಿಟ್ಟರು. 2020ರಲ್ಲಿ ಆಯುರ್ವೇದದ ಪಿಜಿಗಳು 58 ಬಗೆಯ ಶಸ್ತ್ರಚಿಕಿತ್ಸೆ ಮಾಡಬಹುದೆಂಬ ಅಧಿಸೂಚನೆ ಬಂತು. ಡಿಸೆಂಬರ್ 11ರಂದು ದೇಶದ ತುಂಬ ವೈದ್ಯರ ಮುಷ್ಕರ. (ನನ್ನ ಪಿತ್ತಕೋಶದ ಮಟ್ಟಿಗೆ ನಾನೂ ಮುಷ್ಕರದ ಕಡೆಯವನೇ.) ಆದರೆ 2023ರ ಸೆಪ್ಟೆಂಬರಿನಲ್ಲಿ ಖಾಲಿ ಉಳಿದ ಸೀಟು ತುಂಬಲು ನೀಟ್ ಪಿಜಿಯ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದಾಗ ಯಾವ ಒಪಿಡಿಗೂ ಬೀಗ ಬೀಳಲಿಲ್ಲ. ಸೊನ್ನೆ ನಮ್ಮವರದಾದರೆ ಅದೂ ಮೆರಿಟ್ಟೇ.

ಇಷ್ಟು ಕಷ್ಟದ ಬಾಗಿಲಿನಿಂದ ಒಳಹೋದವರು ಹೊರಬಂದ ಮೇಲೆ ಒಂದು ವರ್ಷ ಹಳ್ಳಿ ಕಡೆ ಹಾಯಲಿ ಎಂದು ರಾಜ್ಯ ಸರ್ಕಾರ 2012ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಅವರು ಬರುವ ತನಕ ಚಿಂಚೋಳಿ ಕಡೆಯ ಹಳ್ಳಿಯಲ್ಲಿ ಅಂಗಡಿಸಾಲಿನ ಒಂದು ಕೋಣೆ, ಒಂದು ಕಬ್ಬಿಣದ ಮಂಚ, ಕಿಟಕಿಯ ಸರಳಿಗೆ ಸುತಳಿಯಿಂದ ಕಟ್ಟಿದ ಸಲೈನ್ ಬಾಟಲಿ. ಮುದುಕಿ ಸೆರಗಿನ ಗಂಟು ಬಿಚ್ಚುತ್ತ, "ಡಾಕ್ಟರ್ ಸಾಬ, ಗುಳಗಿ ಬ್ಯಾಡ್ರಿ, ಒಂದ್ ಸೂಜಿ ಮಾಡ್ರಿ" ಎನ್ನುತ್ತಾಳೆ. ಸಾಬರ ರ‍್ಯಾಂಕ್ ಎಷ್ಟೆಂದು ಆಕೆ ಕೇಳಿದ್ದಿಲ್ಲ. ಬಿಎಎಂಎಸ್ ಓದಿದ ಸಾಬರು ತಾವು ಕಲಿತ ಕಷಾಯವನ್ನು ಮರೆತು ಸೂಜಿಯನ್ನೇ ಮಾಡುತ್ತಾರೆ. ಮಾಡದಿದ್ದರೆ ಮುದುಕಿ ಪಕ್ಕದ ಅಂಗಡಿಗೆ ಹೋಗುತ್ತಾಳೆ, ಅಲ್ಲಿ ಕೂತವನು ನೀಟ್ ಇರಲಿ, ಪಿಯುಸಿಯನ್ನೂ ಕಂಡವನಲ್ಲ.

ಆದ್ದರಿಂದ ನನ್ನದೊಂದು ಸಲಹೆ. ಕೆಇಎದವರು ಹಳ್ಳಿಗಳಿಗೂ ಒಂದು ಕೌನ್ಸೆಲಿಂಗ್ ಇಡಲಿ. ಸೇಡಂ, ಚಿತ್ತಾಪುರ, ಚಿಂಚೋಳಿಯ ಊರುಗಳು ಲಾಗಿನ್ ಆಗಿ ಡಾಕ್ಟರನ್ನು ಆಪ್ಷನ್ ಎಂಟ್ರಿ ಮಾಡಲಿ: ಮೊದಲ ಆಯ್ಕೆ ಎಂಬಿಬಿಎಸ್, ಎರಡನೆಯದು ಬಿಎಎಂಎಸ್, ಮೂರನೆಯದು ಬಿಎಚ್‌ಎಂಎಸ್. ಮೊದಲ ರೌಂಡಿನಲ್ಲಿ ಸಿಗಲಿಕ್ಕಿಲ್ಲ. ಸ್ಟ್ರೇ ವೇಕೆನ್ಸಿ ರೌಂಡಿನ ತನಕ ಕಾಯುವುದು ಅವಕ್ಕೆ ರೂಢಿಯೇ. ಕಾಶನ್ ಡೆಪಾಸಿಟ್ ಮಾತ್ರ ತೊಗರಿ ರಾಶಿ ಆಗುವ ತನಕ ಕೇಳಬಾರದು.